ಪಾಲುಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ಮೇಲ್ದಿಣ್ಣೆ,
ಶಾಲಿವಾಹನ ಶಕ ೨೧೩೪, ಪರಿಧಾವಿ ಸಂವತ್ಸರ, ಆಶ್ವಯುಜ ಶುದ್ಧ ಅಷ್ಟಮಿ.
ಊರು ಎದ್ದ ಮೂವತ್ತೆಂಟನೆಯ ವರುಷ.

ಇನ್ನೂ ಹಿರಿಯರಾಗದೆ ಉಂಡುಟ್ಟುಕೊಂಡಿರುವ ನಮ್ಮ ಹಿರಿಯರ ಪಾದಗಳಿಗೆ ದೇವೀರಮ್ಮ ಮಾಡುವ ಶರಣು.

ಮೇಲಿನ ತೇದಿ ಓದಿ ನಿಮಗೆ ನಗು ಬಂದೀತು. ನಿಮ್ಮ ಗೋಡೆಯ ಪಂಚಾಂಗಕ್ಕೆ ಈ ವರುಷ ಬರಲು ಇನ್ನೂ ಆರೇಳು ತಲೆ ಕಳೆಯಬೇಕು. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಿಮ್ಮ ಕಾಲದ ಬರವಣಿಗೆ ಮೇಷ್ಟ್ರು ಹೇಳಿಕೊಟ್ಟಷ್ಟು ಬರುತ್ತದೆ, ಮಿಕ್ಕಿದ್ದು ನಮ್ಮ ದಿಣ್ಣೆಯ ಮಾತು. ತಿಳಿಯದ ಪದ ಬಂದ ಕಡೆ ಬಿಡಿಸಿ ಹೇಳುತ್ತೇನೆ. ತಪ್ಪಿದ್ದರೆ ಮನೆಮಗಳು ಅಂತ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ದಿನ ಹೇಗೆ ಸಾಗುತ್ತದೆ ಅಂತ ಮೊದಲು ಹೇಳಬೇಕು. ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಹೊಲದ ಕೆಲಸ, ನೀರಿನ ಕೆಲಸ ಮುಗಿಸಿಬಿಡುತ್ತೇವೆ. ಹೊತ್ತು ಎರಡಾಳುದ್ದ ಏರಿದೊಡನೆ ಮಾದಪ್ಪನ ಗುಡಿಯಲ್ಲಿ ಉರಿಗಂಟೆ ಹೊಡೆಯುತ್ತಾರೆ. ಅಲ್ಲಿಂದ ಸಂಜೆಯವರೆಗೆ ಉರಿಹೊತ್ತು. ಆ ಹೊತ್ತಿನಲ್ಲಿ ಯಾರೂ ಹೊರಗಿರುವುದಿಲ್ಲ, ಇದ್ದವರು ಉಳಿಯುವುದಿಲ್ಲ. ಮನೆಗಳು ಸೊಂಟದ ಮಟ್ಟ ನೆಲದೊಳಗೆ ಇಳಿದಿವೆ, ಬಾಗಿಲು ಬಡಗಣಕ್ಕೆ, ಮೇಲೆ ಸುಣ್ಣ ಬಳಿದ ದಪ್ಪ ಮಾಳಿಗೆ. ನೀರು ಬರುವುದು ದಿಣ್ಣೆಯ ನೆತ್ತಿಯ ಮಂಜುಬಲೆಯಿಂದ. ಅಂದರೆ ಬಿದಿರ ಗಳಕ್ಕೆ ಬಿಗಿದ ಸಣ್ಣ ಕಣ್ಣಿನ ಬಲೆ. ಬೆಳಗಿನ ಮಂಜು ಅದಕ್ಕೆ ತಾಕಿ, ಹನಿಗೂಡಿ, ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಮನೆಗೆ ಮೂರು ಕೊಡ. ರಾಗಿ, ಸಾಮೆ, ಹುರುಳಿ ಬೆಳೆಯುತ್ತೇವೆ. ಭತ್ತ ಇಲ್ಲ, ಬಾಳೆ ಇಲ್ಲ. ನಾವು ಊಟದ ಎಲೆ ಅನ್ನುವುದು ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚಿದ್ದನ್ನು. ಬಾಳೆಯ ಎಲೆಯ ಮೇಲೆ ಬಿಸಿ ಅನ್ನ ಬಿದ್ದರೆ ಒಂದು ವಾಸನೆ ಏಳುತ್ತಿತ್ತು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು, ಅವಳಿಗೂ ಅದನ್ನು ಅವಳ ಅಜ್ಜಿ ಹೇಳಿದ್ದು.

ಹಿರಿಯರ ಹಬ್ಬವನ್ನು ಮಾತ್ರ ನಿಮ್ಮ ಹಾಗೆಯೇ ನಡೆಸಿಕೊಂಡು ಬಂದಿದ್ದೇವೆ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತೇವೆ. ನೂರೆಂಟು ಸಲ ಮಾದಪ್ಪನ ಹೆಸರು ಹೇಳುವಷ್ಟು ಹೊತ್ತು ಅವರು ಉಣ್ಣುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಎಡೆಯನ್ನು ಹಂಚಿಕೊಂಡು ನಾವು ಉಣ್ಣುತ್ತೇವೆ. ಹೊಸಿಲಿನ ಒಳಗೆ ತೆಳ್ಳಗೆ ಬೂದಿ ಹಾಸುವುದು ನಮ್ಮ ಕಾಲದಲ್ಲಿ ಸೇರಿಕೊಂಡ ಪದ್ಧತಿ, ಬಂದವರ ಹೆಜ್ಜೆ ಮೂಡಲಿ ಅಂತ. ನಮ್ಮ ಮನೆಯಲ್ಲಿ ಎಂಟು ಎಲೆ. ತುದಿಯ ಎಲೆ ನಿಮ್ಮ ಕಾಲದ ಕೆಂಚಪ್ಪ ಅನ್ನುವವರದು. ಅವರ ಇಷ್ಟದ ಸಾಲಿನಲ್ಲಿ ಯಾರೋ ‘ಕಾಫಿ, ಮೊಬೈಲು’ ಅಂತ ಬರೆದಿಟ್ಟಿದ್ದಾರೆ. ಹುಣಸೆಬೀಜ ಹುರಿದು ಕುದಿಸಿ ಕಾಫಿ ಅಂತ ಇಡುತ್ತೇವೆ. ಮೊಬೈಲಿಗೆ ಅಂಗೈಯಗಲದ ಚಪ್ಪಟೆ ಕಲ್ಲಿಗೆ ಮಸಿ ಬಳಿದು ಎಲೆಯ ಬಲಕ್ಕೆ ಇಡುತ್ತೇವೆ. ನನ್ನ ತಮ್ಮ ಗುರುಮಲ್ಲ ಚಿಕ್ಕವನಿದ್ದಾಗ ಅದನ್ನು ಗೊಜ್ಜಿನಲ್ಲಿ ಅದ್ದಿ ನೆಕ್ಕಿ, ಹಿರಿಯರ ಹಲ್ಲು ಬಲು ಗಟ್ಟಿ ಅಂದು ಅವ್ವನ ಕೈಲಿ ಏಟು ತಿಂದಿದ್ದ.

ನಾವು ಒಡಹುಟ್ಟಿದವರು ಮೂವರು. ನಾನು ದೊಡ್ಡವಳು, ಆಮೇಲೆ ಗುರುಮಲ್ಲ, ಕಡೆಯವನು ಚಿಕ್ಕಮಾದ.

ಮೂವರು ಅಂತ ಬರೆದೆ. ನೋಡಿ, ನನ್ನ ಕೈ ಇನ್ನೂ ಹಾಗೆಯೇ ಬರೆಯುತ್ತದೆ. ನಾಲ್ವರು. ನನ್ನ ಬೆನ್ನಿಗೆ ಬಿದ್ದವಳು ಪುಟ್ತಾಯಿ.

ನನಗೆ ಹನ್ನೆರಡು ತುಂಬಿದ ವರುಷ ಊರು ಎದ್ದಿತು. ಕೆಳಗಿನೂರಿನಲ್ಲಿ ಬೆಂಕಿಗಾಳಿ ಬೀಸತೊಡಗಿ, ಬದುಕುವುದು ಆಗದೆ, ಜನ ದನ ದೇವರು ಎಲ್ಲ ಎದ್ದು ಈ ದಿಣ್ಣೆಗೆ ಬಂದೆವು. ಮನೆ ಬಿಡುವಾಗ ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿ ತಂದು ಹೊಸ ಒಲೆ ಹೊತ್ತಿಸಬೇಕು. ಊರ ಗಡಿ ದಾಟಿದ ಮೇಲೆ ಅವ್ವನಿಗೆ ಕೆಂಡ ಮರೆತದ್ದು ನೆನಪಾಯಿತು. ನಮ್ಮಲ್ಲಿ ಪುಟ್ತಾಯಿಯ ಕಾಲು ಬಲು ಚುರುಕು. ಒಂಬತ್ತು ವರುಷದವಳು. ಓಡಿ ಹೋಗಿ ತಂದುಬಿಡು ಅಂತ ಅವ್ವ ಅವಳನ್ನು ಕಳಿಸಿದಳು. ಗಾಳಿ ಆ ದಿನ ಗಂಟೆಗೆ ಮುಂಚೆಯೇ ಎದ್ದಿತು. ಮೂರು ದಿನ ಯಾರೂ ಕೆಳಗೆ ಇಳಿಯಲಾಗಲಿಲ್ಲ. ಆಮೇಲೆ ಇಳಿದು ಹುಡುಕಿದವರಿಗೆ ಮಡಕೆ ಸಿಕ್ಕಿತು, ಹುಡುಗಿ ಸಿಗಲಿಲ್ಲ.

ಅವ್ವ ಅವಳು ಸತ್ತಳು ಅಂತ ಒಪ್ಪಲಿಲ್ಲ. ಅವಳಿಗೆ ಎಲೆ ಹಾಕಲಿಲ್ಲ. ಪ್ರತಿ ಹಬ್ಬದಲ್ಲೂ ಹಿರಿಯರ ಎಲೆಗಳಿಗೆಲ್ಲ ಬಡಿಸಿದ ಮೇಲೆ ಒಂದು ಸಣ್ಣ ಮಣ್ಣಿನ ಚಟ್ಟಿಗೆಗೆ ಎಲ್ಲವನ್ನೂ ಚೂರುಚೂರು ಹಾಕಿ ಒಲೆಯ ಪಕ್ಕ ಮುಚ್ಚಿಡುತ್ತಿದ್ದಳು. ಯಾರಿಗೆ ಅಂತ ಕೇಳಿದರೆ ‘ಬರೋಳ್ಗೆ’ ಅನ್ನುತ್ತಿದ್ದಳು. ತಮ್ಮಂದಿರು ಚಿಕ್ಕವರು. ಹೊತ್ತು ಮೀರಿ ಬರುವ ನೆಂಟರಿಗೆ ಅಂತ ಅವರು ತಿಳಿದಿದ್ದರು.

ಒಂಬತ್ತು ವರುಷದ ಹಿಂದೆ ಅವ್ವ ಹಾಸಿಗೆ ಹಿಡಿದಳು. ತನ್ನನ್ನು ಕೆಳಗಿನೂರಿನ ಹಳೆಯ ಹಿತ್ತಿಲಲ್ಲೇ ಮಣ್ಣು ಮಾಡಬೇಕು ಅಂತ ತಮ್ಮಂದಿರ ಕೈಲಿ ಮಾತು ತೆಗೆದುಕೊಂಡಳು. ಯಾಕೆ ಅಂತ ಅವರಿಗೆ ಹೇಳಲಿಲ್ಲ. ನಾನು ಮೈ ಒರೆಸುವಾಗ ನನಗೆ ಹೇಳಿದಳು.

“ಅವ್ಳು ಬಂದ್ರೆ ಹಳೆ ಮನ್ಗೇ ಬರೋದು ಕಣವ್ವ. ಅಲ್ಲಿ ನಾನಿಲ್ದಿದ್ರೆ ಏನಂತ ತಿಳ್ಕಂಡಾಳು?”

ಅವ್ವ ಹೋದದ್ದು ಚೈತ್ರದ ಕಡು ಬೇಸಗೆಯಲ್ಲಿ. ಕೆಳಗಿನೂರಿಗೆ ಒಂದು ಹಗಲಿನ ದಾರಿ, ಅದೂ ಉರಿಹೊತ್ತಿನಲ್ಲಿ. ಗುರುಮಲ್ಲ ಬೇಡ ಅಂದ, ಇಲ್ಲೇ ಮಣ್ಣು ಮಾಡಿಸಿದ. ಕೊಟ್ಟ ಮಾತು ತಿಂದೆ ಅಂತ ಚಿಕ್ಕಮಾದ ಗುಂಡಿಯ ಅಂಚಿನಲ್ಲೇ ಅವನ ಕೊರಳಪಟ್ಟಿ ಹಿಡಿದ. ನಾನು ಅಲ್ಲೇ ನಿಂತಿದ್ದೆ. ಅವ್ವ ಹೇಳಿದ್ದನ್ನು ನಾನು ಬಾಯಿಬಿಟ್ಟಿದ್ದರೆ ಗುರುಮಲ್ಲ ಕೂಡ ಹೆಣಕ್ಕೆ ಹೆಗಲು ಕೊಟ್ಟು ಇಳಿದುಬಿಡುತ್ತಿದ್ದ. ಇಬ್ಬರೂ ಹಿಂತಿರುಗುತ್ತಿರಲಿಲ್ಲ. ಸತ್ತವಳಿಗಿಂತ ಇದ್ದವರು ಉಳಿಯಲಿ ಅಂದುಕೊಂಡೆ. ಆವತ್ತು ಸುಮ್ಮನಿದ್ದದ್ದು ತಪ್ಪಲ್ಲ ಅಂತ ಈಗಲೂ ನನಗೆ ಅನ್ನಿಸುತ್ತದೆ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಸುಮ್ಮನಿದ್ದೆನಲ್ಲ, ಅದು ತಪ್ಪು.

ತಿಂಗಳು ತುಂಬುವುದರೊಳಗೆ ಮನೆ ಎರಡಾಯಿತು. ನಮ್ಮ ಕಾಲದಲ್ಲಿ ಮನೆ ಒಡೆದರೆ ಹೊಲ, ಕೊಡ, ಕುರಿ ಹಂಚಿದ ಮೇಲೆ ಹಿರಿಯರನ್ನೂ ಹಂಚುತ್ತಾರೆ. ಇದಕ್ಕೆ ಹಿರಿಯರ ಪಾಲು ಅನ್ನುತ್ತೇವೆ. ಒಬ್ಬ ಹಿರಿಯರಿಗೆ ಎರಡು ಮನೆಯಲ್ಲಿ ಎಲೆ ಬಿದ್ದರೆ ಅವರು ಯಾವುದಕ್ಕೂ ಹೋಗಲಾರದೆ ಬೀದಿಯಲ್ಲಿ ನಿಂತುಬಿಡುತ್ತಾರೆ ಅಂತ ಊರು ಎದ್ದ ಮೇಲೆ ಯಜಮಾನರು ಕಟ್ಟಿದ ಕಟ್ಟಳೆ. ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಕೊಟ್ಟರು. ಅವ್ವ ಗುರುಮಲ್ಲನ ಮನೆಗೆ ಬಿದ್ದಳು, ಅವಳಿಗಿಂತ ಮೊದಲೇ ತೀರಿಕೊಂಡಿದ್ದ ಅಪ್ಪ ಚಿಕ್ಕಮಾದನ ಮನೆಗೆ. ಮೂವತ್ತು ವರುಷ ಒಂದೇ ಒಲೆಯ ಮುಂದೆ ಕೂತವರು ಸತ್ತ ಮೇಲೆ ಬೇರೆ ಬೇರೆ ಮನೆಯಲ್ಲಿ ಉಣ್ಣುವ ಹಾಗಾಯಿತು. ಹೆಣ್ಣುಮಕ್ಕಳಿಗೆ ಹಿರಿಯರಲ್ಲಿ ಪಾಲಿಲ್ಲ. ಆದರೆ ಅಕ್ಷರ ಬಲ್ಲವಳು ನಾನೊಬ್ಬಳೇ ಆದ್ದರಿಂದ ಪಟ್ಟಿ ಬರೆದವಳು ನಾನೇ. ಅವ್ವ ಎಲೆ ಹಾಕುತ್ತಿದ್ದ ಸಾಲನ್ನು ಕಣ್ಣ ಮುಂದೆ ತಂದುಕೊಂಡು, ಅವ್ವನದನ್ನೂ ಸೇರಿಸಿ ಎಂಟು ಹೆಸರು ಬರೆದೆ. ಮೇಲೆ ಮಾದಪ್ಪನ ಹೆಸರು, ಕೆಳಗೆ ಇಬ್ಬರ ಹೆಬ್ಬೆಟ್ಟು. ಒಂದು ಚಿತ್ತಿಲ್ಲ, ಕಾಟಿಲ್ಲ.

ಆಮೇಲಿನ ಹಬ್ಬಗಳನ್ನು ನಾನು ಹೇಗೆ ದಾಟಿದೆ ಅಂತ ಹೇಳಿದರೆ ನೀವು ನಗುತ್ತೀರೋ ಅಳುತ್ತೀರೋ ತಿಳಿಯದು. ಮದುವೆಯಾಗಿ ಮೂರು ವರುಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಾನು. ಎರಡು ಮನೆಯ ನಡುವೆ ಒಂದಂಕಣದ ಮನೆ ನನ್ನದು. ಮುಂಜಾನೆ ಗುರುಮಲ್ಲನ ಮನೆಯಲ್ಲಿ ಅವ್ವನ ಎಡೆ ಉಣ್ಣಬೇಕು, ಉರಿಹೊತ್ತು ಕಳೆದ ಮೇಲೆ ಚಿಕ್ಕಮಾದನ ಮನೆಯಲ್ಲಿ ಅಪ್ಪನ ಎಡೆ. ಇಲ್ಲಿ ಕಡಿಮೆ ಉಂಡರೆ ‘ಅಲ್ಲಿಗೆ ಹೊಟ್ಟೆ ಉಳುಸ್ಕತಾ ಅವ್ಳೆ’ ಅನ್ನುವರು, ಅಲ್ಲಿ ಕಡಿಮೆ ಉಂಡರೆ ‘ಅಲ್ಲೇ ಗಂಟ್ಲ ಗಂಟ ತುಂಬ್ಸ್ಕಬಂದವ್ಳೆ’ ಅನ್ನುವರು. ಅಲ್ಲಿಯ ಕಡುಬು ಹೇಗಿತ್ತು ಅಂತ ಇಲ್ಲಿ ಯಾರೂ ಕೇಳುವುದಿಲ್ಲ, ಆದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಎರಡೂ ಕಡೆ ಉಪ್ಪು ಸರಿಯಾಗಿದೆ ಅಂದು ಎದ್ದುಬಿಡುತ್ತಿದ್ದೆ.

ಮೂರು ವರುಷದ ಹಿಂದೆ ಹೆಜ್ಜೆಗಳು ಕಂಡವು. ಗುರುಮಲ್ಲನ ಮನೆಯಲ್ಲಿ ಬಾಗಿಲು ತೆಗೆದಾಗ ಹೊಸಿಲ ಬೂದಿಯಲ್ಲಿ ದೊಡ್ಡವರ ಮಸುಕು ಹೆಜ್ಜೆಗಳ ಪಕ್ಕ ಒಂದು ಜೊತೆ ಪುಟ್ಟ ಪಾದ. ಒಳಗೆ ಎರಡು ಹೆಜ್ಜೆ ಇಟ್ಟು, ಎಲೆಗಳ ಸಾಲಿನ ಮುಂದೆ ನಿಂತು, ತಿರುಗಿ ಹೊರಟ ಗುರುತು. ಚಿಕ್ಕಮಾದನ ಮಕ್ಕಳು ಬಂದು ಎಡೆ ಮೈಲಿಗೆ ಮಾಡಿದರು ಅಂತ ಇವರು ಕೂಗಾಡಿದರು. ಆ ಸಂಜೆ ಚಿಕ್ಕಮಾದನ ಹೊಸಿಲಲ್ಲೂ ಅದೇ ಆಯಿತು. ಗುರುಮಲ್ಲನ ಮಕ್ಕಳು ಅಂತ ಅವರು ಕೂಗಾಡಿದರು. ಹೋದ ವರುಷ ಅದು ಮಿತಿಮೀರಿತು. ಚಿಕ್ಕಮಾದ ತನ್ನ ಎಂಟು ವರುಷದ ಮಗಳು ಚೆಲುವಿಗೆ ದೊಡ್ಡಪ್ಪನ ಮನೆ ಹೊಸಿಲು ತುಳಿದೆ ಅಂತ ಬೆತ್ತ ತೆಗೆದ. ಮಗು ನನ್ನ ಸೀರೆಯೊಳಗೆ ನುಗ್ಗಿಕೊಂಡಿತು.

“ನಾನಲ್ಲ ಕಣತ್ತೆ. ನನ್ ಕಾಲ್ ನೋಡು ಬೇಕಾದ್ರೆ.”

ನೋಡಿದೆ. ಪೊರಕೆಯ ಒಂದು ಕಡ್ಡಿ ಮುರಿದು ಬೂದಿಯ ಪಾದ ಅಳೆದೆ, ಎರಡು ಮನೆಯಲ್ಲೂ. ಒಂದೇ ಅಳತೆ. ಚೆಲುವಿಯ ಪಾದ ಅದಕ್ಕಿಂತ ಚಿಕ್ಕದು, ಗುರುಮಲ್ಲನ ಮಕ್ಕಳದು ದೊಡ್ಡದು. ಆ ಪಾದದಲ್ಲಿ ಹಿಮ್ಮಡಿ ಊರಿರಲಿಲ್ಲ, ಬರಿಯ ಮುಂಗಾಲು ಮೂಡಿತ್ತು. ಯಾವಾಗಲೂ ಓಡುವವರ ಕಾಲು ಹಾಗೆ ಬೀಳುತ್ತದೆ. ನಾನು ಬರೆದ ಎಂಟು ಹೆಸರು ಒಂದೊಂದಾಗಿ ನೆನಪಿಗೆ ಬಂದವು, ಅವುಗಳಲ್ಲಿ ಪುಟ್ತಾಯಿಯ ಹೆಸರು ಇರಲಿಲ್ಲ. ಅವ್ವ ಇರುವವರೆಗೆ ಬದುಕಿದವಳು ಅಂತ ಚಟ್ಟಿಗೆಯಲ್ಲಾದರೂ ಊಟ ಸಿಕ್ಕುತ್ತಿತ್ತು. ಅವ್ವನೂ ಹೋದ ಮೇಲೆ ಆ ಹುಡುಗಿ ಇದ್ದವರ ಲೆಕ್ಕಕ್ಕೂ ಇಲ್ಲ, ಸತ್ತವರ ಲೆಕ್ಕಕ್ಕೂ ಇಲ್ಲ. ಎರಡು ಮನೆಯ ಬಾಗಿಲಿಗೂ ಬಂದು, ಎಲೆಗಳನ್ನು ಎಣಿಸಿ, ತನ್ನದಿಲ್ಲ ಅಂತ ತಿರುಗಿ ಹೋಗುತ್ತಿತ್ತು.

ಪಟ್ಟಿಯಲ್ಲಿ ಹೆಸರಿಲ್ಲದ ಹಿರಿಯರಿದ್ದರೆ ಒಡೆದ ಮನೆಗಳ ಗಂಡಸರು ಒಂದೇ ಬಾಗಿಲಲ್ಲಿ ಕೂತು ಒಂದೇ ಎಲೆ ಹಾಕಬೇಕು. ಒಬ್ಬರೇ ಹಾಕಿದರೆ ಸಲ್ಲದು. ಇದೂ ಕಟ್ಟಳೆಯೇ. ಅಂದರೆ ಒಬ್ಬರ ನೆರಳು ಇನ್ನೊಬ್ಬರು ತುಳಿಯದ ನನ್ನ ತಮ್ಮಂದಿರು ಒಟ್ಟಿಗೆ ಕೂರಬೇಕು. ಅದಕ್ಕೆ ನಾನು ಬಾಯಿ ಬಿಡಬೇಕು. ಒಂದು ವರುಷ ಹಿಂದೆಮುಂದೆ ನೋಡಿದೆ. ಪ್ರತಿ ಸೋಮವಾರ ಗುಡಿಗೆ ಹೋಗಿ ಧೈರ್ಯ ಕೊಡಪ್ಪ ಅಂತ ಬೇಡಿದೆ. ಮಾದಪ್ಪ ಧೈರ್ಯ ಕೊಡಲಿಲ್ಲ, ನಿದ್ದೆ ಕಿತ್ತುಕೊಂಡ. ಕಡೆಗೆ ಈ ಮಹಾಲಯಕ್ಕೆ ಮೂರು ದಿನ ಮುಂಚೆ, ಬೆಳಗ್ಗೆ ಮಂಜುಬಲೆಯ ತೊಟ್ಟಿಯ ಹತ್ತಿರ ಇಬ್ಬರೂ ಕೊಡ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದಾಗ, ಇಬ್ಬರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದೆ. ಕಡ್ಡಿಯ ಅಳತೆ ಹೇಳಿದೆ. ಪಟ್ಟಿಯ ತಪ್ಪು ನನ್ನದು ಅಂದೆ. ಅವ್ವ ಯಾಕೆ ಕೆಳಗಿನೂರು ಕೇಳಿದಳು ಅನ್ನುವುದನ್ನೂ ಹೇಳಿದೆ.

ಗುರುಮಲ್ಲ ಕೊಡವನ್ನು ತೊಟ್ಟಿಯ ಅಂಚಿಗೆ ಇಳಿಸಿದ. ಅವನು ಹೆದರಿದ್ದು ಹೆಜ್ಜೆಗಲ್ಲ.

“ಎಲೆ ಹಾಕುದ್ರೆ ಅವ್ಳು ಸತ್ಲು ಅಂತ ನಾವೇ ಒಪ್ಕಂಡಂಗೆ ಕಣಕ್ಕ. ಅವ್ವ ಒಪ್ಪಿರ್ನಿಲ್ಲ.”

ಚಿಕ್ಕಮಾದ ತಿರುಗಿ ನನ್ನನ್ನೇ ನೋಡಿದ. ಊರು ಏಳುವಾಗ ಅವನು ನಾಲ್ಕು ವರುಷದವನು. ಅವಳ ಮುಖ ಅವನಿಗೆ ನೆನಪಿಲ್ಲ.

“ಒಂಬತ್ ವರ್ಸ ನಿನ್ ಬಾಯಿಗೇನಾಗಿತ್ತಕ್ಕ? ಅಂವ ಮಾತ್ ತಿಂದ ಅಂತ ನಾನು ಅಂವುನ್ ಮನೆ ನೀರ್ ಕುಡೀನಿಲ್ಲ. ತಿಂದೋಳು ನೀನು.”

ಹೌದು ಕಣಪ್ಪ ಅಂದೆ. ಇಬ್ಬರೂ ಕೊಡ ಎತ್ತಿಕೊಂಡು ಬೇರೆ ಬೇರೆ ದಾರಿಯಲ್ಲಿ ಇಳಿದುಹೋದರು.

ಅಮಾವಾಸ್ಯೆಯ ಮುಂಜಾನೆ ನಾನು ನನ್ನ ಮನೆಯಲ್ಲೇ ಒಂದು ಎಲೆ ಹಚ್ಚಿಟ್ಟು ಕಾದೆ. ತಮ್ಮಂದಿರು ಬಂದರೆ ಬರಲಿ, ಬರದಿದ್ದರೆ ಅವಳ ಹಣೆಬರಹ ಅಂದುಕೊಂಡು. ಗುರುಮಲ್ಲ ಮೊದಲು ಬಂದ, ಟವಲಿನಲ್ಲಿ ಹುರಿಗಾಳು ಕಟ್ಟಿಕೊಂಡು. ಅವಳು ಅದನ್ನು ಲಂಗದ ಮಡಿಲಲ್ಲಿ ತುಂಬಿಕೊಂಡು ತಿನ್ನುತ್ತಿದ್ದಳಂತೆ, ನನಗೆ ಮರೆತೇಹೋಗಿತ್ತು. ಹೊತ್ತು ಏರತೊಡಗಿದಾಗ ಚಿಕ್ಕಮಾದ ಬಂದ. ಏನು ತರಬೇಕು ಅಂತ ತಿಳಿಯದೆ ಬರಿಗೈಲಿ ಬಂದಿದ್ದ. ಎಲೆಯ ಮುಂದಿಡುವ ನೀರನ್ನು ತಾನು ತುಂಬಿದ. ಒಂಬತ್ತು ವರುಷದ ಹುಡುಗಿಯನ್ನು ಹಿರಿಯಳೇ ಅಂತ ಹೇಗೆ ಕರೆಯುವುದು? ಕಡೆಗೆ ಗುರುಮಲ್ಲ, ಬಾ ಪುಟ್ತಾಯಿ, ಉಣ್ಣು ಬಾ ಅಂದ. ಬೂದಿ ಹಾಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ನಡುವೆ ನಾನು, ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ. ಎಪ್ಪತ್ತನೆಯ ಹೆಸರಿಗೆ ಚಿಕ್ಕಮಾದ ಬಿಕ್ಕತೊಡಗಿ ನನಗೆ ಎಣಿಕೆ ತಪ್ಪಿತು. ಮೊದಲಿಂದ ಶುರುಮಾಡಿದೆ. ಅಷ್ಟರಲ್ಲಿ ಉರಿಗಂಟೆ ಹೊಡೆಯಿತು. ಬೀದಿಯವರೆಲ್ಲ ಒಳಗೆ ಓಡಿದರು. ನೆಲ ಕಾಯತೊಡಗಿತು, ಕಣ್ಣಿಗೆ ಕತ್ತಲೆ ಬಂತು. ಏಳೋಣ ಅಂತ ಇಬ್ಬರಲ್ಲಿ ಯಾರೂ ಅನ್ನಲಿಲ್ಲ. ಅವಳು ಇದೇ ಬಿಸಿಲಿನಲ್ಲಿ ಹೋದವಳು ಅಂತ ಮೂವರಿಗೂ ಗೊತ್ತಿತ್ತು. ನೂರೆಂಟು ಮುಗಿಸಿ ಬಾಗಿಲು ತಟ್ಟಿದೆ.

ಬೂದಿಯಲ್ಲಿ ಒಳಗೆ ಹೋದ ಹೆಜ್ಜೆಗಳಿದ್ದವು. ಹಿಮ್ಮಡಿ ಊರಿದ್ದವು. ಹೊರಗೆ ಬಂದ ಹೆಜ್ಜೆ ಇರಲಿಲ್ಲ.

ಅವತ್ತಿನಿಂದ ಎಂಟು ದಿನ ಆಯಿತು. ನನ್ನ ಮನೆಯಲ್ಲಿ ಇಬ್ಬರ ಉಸಿರು ಇದೆ. ಹಿಟ್ಟಿನ ಮಡಕೆಯ ಮುಚ್ಚಳ ಸರಿದಿರುತ್ತದೆ. ನಾನು ಬೀಸುವಾಗ ಕಲ್ಲು ಹಗುರಾಗುತ್ತದೆ, ಎದುರಿನಿಂದ ಯಾರೋ ಗೂಟಕ್ಕೆ ಕೈ ಸೇರಿಸಿದ ಹಾಗೆ. ಭಯವಿಲ್ಲ. ತಮ್ಮಂದಿರು ದಿನವೂ ಬರುತ್ತಾರೆ, ಒಬ್ಬ ಬೆಳಗ್ಗೆ, ಒಬ್ಬ ಸಂಜೆ. ಒಳಗವಳಾ ಅಕ್ಕ ಅಂತ ಕೇಳುತ್ತಾರೆ, ಅವಳೆ ಕಣಪ್ಪ ಅನ್ನುತ್ತೇನೆ, ಒಂದಿಷ್ಟು ಹೊತ್ತು ಕೂತು ಹೋಗುತ್ತಾರೆ. ನಿನ್ನೆ ಒಬ್ಬ ಏಳುವ ಮೊದಲೇ ಇನ್ನೊಬ್ಬ ಬಂದ. ಇವನು ಸರಿದು ಕೂತ. ಮಾತಿಲ್ಲ. ಆದರೆ ಸರಿದು ಕೂತ.

ನಮ್ಮ ನಂಬಿಕೆಯಲ್ಲಿ ಸತ್ತವರು ಮೇಲಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತಾರೆ. ತಮಗಿಂತ ಹಿರಿಯರ ಹತ್ತಿರ, ಅವರಿಂದ ಅವರಿಗಿಂತ ಹಿರಿಯರ ಹತ್ತಿರ. ಹಬ್ಬಕ್ಕೆ ಬಂದವರು ಮಹಾನವಮಿಯ ಒಳಗೆ ಹೊರಟುಬಿಡಬೇಕು. ಉಳಿದರೆ ಅವರಿಗೆ ಮುಂದೆ ದಾರಿ ಸಿಗುವುದಿಲ್ಲ. ನಾಳೆ ಮಹಾನವಮಿ. ಇದನ್ನು ಹೇಳಿದಾಗ ಚಿಕ್ಕಮಾದ ನನ್ನ ಕಾಲು ಹಿಡಿದುಕೊಂಡ.

“ಇರ್ಲಿ ಬುಡಕ್ಕ. ನಮ್ಗೇನ್ ಭಾರ್ವಾ?”

ನನಗೂ ಆಸೆಯೇ. ಅವಳು ಹೋದ ಮೇಲೆ ಇವರಿಬ್ಬರೂ ನನ್ನ ಬಾಗಿಲಿಗೆ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬರದೆ ಹೋದರೆ ಮುಂದಿನ ಹಬ್ಬವೂ ಹಿಂದಿನ ಹಾಗೆಯೇ. ಆದರೆ ದೊಡ್ಡವರ ಜಗಳ ಕಟ್ಟಿಹಾಕುವುದಕ್ಕೆ ಹುಡುಗಿಯನ್ನು ಗೂಟ ಮಾಡಬಾರದು. ಮೂವತ್ತೆಂಟು ವರುಷ ಬೀದಿಯಲ್ಲಿ ನಿಂತದ್ದು ಸಾಲದೇ? ನಾಳೆ ಮಂಜು ಇರುವಾಗಲೇ ಬಾಗಿಲು ತೆಗೆದು, ಹೋಗಿ ಬಾ ತಾಯಿ ಅಂದು ಕಳಿಸುತ್ತೇನೆ. ಈ ಕಾಗದವನ್ನು ಮಡಿಸಿ ಅವಳ ಕೈಗೇ ಕೊಡುತ್ತೇನೆ. ಹಿಂದಕ್ಕೆ ನಡೆಯುತ್ತ ನಡೆಯುತ್ತ ಅವಳು ಒಂದು ದಿನ ನಿಮ್ಮ ಕಾಲಕ್ಕೂ ಬಂದಾಳು.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲೂ ಹಬ್ಬ ಬರುತ್ತದೆ. ಅಣ್ಣ ಬಂದರೆ ತಮ್ಮ ಬಾರದ, ಓರಗಿತ್ತಿ ಬಡಿಸಿದರೆ ಓರಗಿತ್ತಿ ಉಣ್ಣದ ಹಬ್ಬ ನಿಮ್ಮಲ್ಲೂ ಇದ್ದೀತು. ನಮ್ಮ ಬುದ್ಧಿ ಎಲ್ಲಿಂದಾದರೂ ಬಂದಿರಬೇಕಲ್ಲ. ಒಬ್ಬರನ್ನೊಬ್ಬರು ಒಪ್ಪಿಕೊಳ್ಳಿ ಅಂತ ಹೇಳುವಷ್ಟು ದೊಡ್ಡವಳು ನಾನಲ್ಲ. ಎದೆಯಲ್ಲಿ ಯಾರಾದರೂ ಮಾತು ಕಟ್ಟಿಟ್ಟುಕೊಂಡಿದ್ದರೆ ಪಟ್ಟಿ ಬರೆಯುವ ಮುಂಚೆ ಹೇಳಿಬಿಡಿ. ಅಷ್ಟೇ.

ಹುಡುಗಿ ಬಂದಾಗ ಮನೆಯಲ್ಲಿ ಯಾರು ಇರುತ್ತೀರೋ, ಮಾತು ಬಿಟ್ಟವರಾದರೂ ಸರಿ, ಅವಳಿಗೆ ಊಟ ಬಡಿಸಿ, ತಲೆ ಬಾಚಿ. ಯಾವ ಮನೆಯವಳು ಅಂತ ಮಾತ್ರ ಕೇಳಬೇಡಿ. ಕೇಳಿದರೆ ಏನು ಹೇಳಬೇಕು ಅಂತ ಅವಳಿಗೆ ತಿಳಿಯುವುದಿಲ್ಲ.

ಇಂತು ನಿಮ್ಮ ಮನೆಮಗಳು,
ದೇವೀರಮ್ಮ